ದೇವಣಗಾಂವ ಬಂತು, ಇಳೀರಿ!

ವಿಜಯಪುರದಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ಬಂದರೆ ಸಿಂದಗಿ. ಅಲ್ಲಿಂದ ಉತ್ತರದ ಹಾದಿ ಹಿಡಿದು ಆಲಮೇಲ ದಾಟಿದ ಮೇಲೆ ಕಣ್ಣು ಹಾಯುವಷ್ಟು ದೂರವೂ ಕರಿ ಎರೆಹೊಲ. ಹಿಂಗಾರಿನಲ್ಲಿ ಬಿಳಿಜೋಳ, ಅಲ್ಲಲ್ಲಿ ತೊಗರಿ. ಹೊಳೆ ಹತ್ತಿರವಾದಂತೆ ಕಬ್ಬಿನ ಹಸಿರು. ಬಸ್ಸಿನಲ್ಲಿ ತೂಕಡಿಸುತ್ತಿದ್ದವರನ್ನು ಕಂಡಕ್ಟರನ ಕೂಗು ಎಚ್ಚರಿಸುತ್ತದೆ: "ದೇವಣಗಾಂವ ಬಂತು, ಇಳೀರಿ!"

ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ, ಈಗ ಆಲಮೇಲ ತಾಲ್ಲೂಕಿನಲ್ಲಿರುವ ದೇವಣಗಾಂವ ಭೀಮಾ ನದಿಯ ದಂಡೆಯ ಊರು. ಇಲ್ಲಿ ಹೊಳೆಗೆ ಸೇತುವೆ ಇದೆ. ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕು. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ರಾಯಚೂರಿನ ಕಡೆ ಕೃಷ್ಣೆಯನ್ನು ಸೇರುವ ಭೀಮೆ ತನ್ನ 861 ಕಿ.ಮೀ. ಪ್ರಯಾಣದಲ್ಲಿ ಈ ಎರಡು ಜಿಲ್ಲೆಗಳಿಗೆ ಗಡಿಯಾಗಿ ಹರಿಯುವುದು ಇಲ್ಲಿಯೇ. ಬೇಸಿಗೆಯಲ್ಲಿ ಸೇತುವೆಯ ಮೇಲೆ ನಿಂತರೆ ಕೆಳಗೆ ಸೊರಗಿದ ಹೊಳೆ. ಮಳೆಗಾಲದಲ್ಲಿ ದಡ ಕಾಣದ ಕೆಂಪು ನೀರು.

ಕಂಡಕ್ಟರನ ಮಾತನ್ನು ಇನ್ನೊಮ್ಮೆ ಕೇಳಿ ನೋಡಿ. 'ಊರು ಬಂತು' ಎನ್ನುತ್ತಾನೆ. ಊರು ಎಲ್ಲಿಂದ ಬಂತು? ಅದು ಇದ್ದಲ್ಲೇ ಇದೆ, ಬಂದದ್ದು ಬಸ್ಸು. ಆದರೂ ಯಾರೂ ಅವನನ್ನು ತಿದ್ದುವುದಿಲ್ಲ. ಇದೇ ಊರಿನ ಜನ ಮಳೆಗಾಲದಲ್ಲಿ 'ಹೊಳಿ ಬಂತು' ಎಂದೂ ಕೂಗುತ್ತಾರೆ. ಆಗ ನಿಜವಾಗಿಯೂ ಹೊಳೆ ಬಂದಿರುತ್ತದೆ, ದನಕರು ಬಿಚ್ಚಿಕೊಂಡು ಎತ್ತರಕ್ಕೆ ಹೋಗಬೇಕಾಗುತ್ತದೆ. ಒಂದು 'ಬಂತು' ನೋಡುವವನನ್ನು ಅವಲಂಬಿಸಿದ್ದು. ಇನ್ನೊಂದನ್ನು ಯಾರು ನೋಡಿದರೂ ಬದಲಾಗದು. ಆಲ್ಬರ್ಟ್ ಐನ್‌ಸ್ಟೈನ್ 1905ರಲ್ಲಿ ಮುಂದಿಟ್ಟ ಸಾಪೇಕ್ಷತಾ ಸಿದ್ಧಾಂತದ ಕೆಲಸವೂ ಇದೇ: ಯಾವುದು ಮೊದಲಿನ ಜಾತಿಯದು, ಯಾವುದು ಎರಡನೆಯದು ಎಂದು ಬೇರ್ಪಡಿಸುವುದು.

ಪಿಯುಸಿ ಮುಗಿಸಿ ಬಿ.ಎಸ್ಸಿ. ಸೇರಿದ ಮಕ್ಕಳಿಗೆ ಈ ಪಾಠ ಬಂದಾಗ ಎದೆ ಡವಗುಟ್ಟುವುದುಂಟು. ಅವರನ್ನು ಹೆದರಿಸುವುದು ಗಣಿತಕ್ಕಿಂತ ಹೆಚ್ಚಾಗಿ ಪದಗಳು. ಚೌಕಟ್ಟು, ಘಟನೆ, ವೀಕ್ಷಕ, ದೇಶಕಾಲ ಎಂಬ ಮಾತುಗಳು ಪತ್ರಿಕೆಯಲ್ಲಿ ಒಂದರ್ಥ, ಪುಸ್ತಕದಲ್ಲಿ ಇನ್ನೊಂದರ್ಥ. 'ಸಾಪೇಕ್ಷ'ವನ್ನೇ ತೆಗೆದುಕೊಳ್ಳಿ. 'ಅಪೇಕ್ಷೆ' ಎಂದರೆ ಆಸೆ ಎಂದಷ್ಟೇ ತಿಳಿದವರಿಗೆ ಅದು ಒಗಟು. ಇಲ್ಲಿ ಅದರ ಅರ್ಥ, ಇನ್ನೊಂದನ್ನು ಆಧಾರವಾಗಿ ಇಟ್ಟುಕೊಂಡು ಹೇಳಿದ್ದು. ದೇವಣಗಾಂವದ ಸೇತುವೆಯ ಮೇಲೆ ನಿಂತು ಈ ಪದಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬಹುದು.

ಬಸ್ಸು, ದೋಣಿ ಮತ್ತು ಚೌಕಟ್ಟು

ಬಸ್ಸಿನಲ್ಲಿ ಕುಳಿತ ಹುಡುಗಿಗೆ ಪಕ್ಕದ ಸೀಟು ಅಲುಗುವುದಿಲ್ಲ, ಸೇತುವೆಯ ಕಟಾಂಜನ ಹಿಂದಕ್ಕೆ ಓಡುತ್ತದೆ. ಸೇತುವೆಯ ಮೇಲೆ ನಿಂತ ಹುಡುಗನಿಗೆ ಕಟಾಂಜನ ನಿಂತಿದೆ, ಬಸ್ಸು ಓಡುತ್ತಿದೆ. ಯಾವುದನ್ನು 'ನಿಂತಿದೆ' ಎಂದು ಇಟ್ಟುಕೊಂಡು ದೂರ ಮತ್ತು ಕಾಲವನ್ನು ಅಳೆಯುತ್ತೇವೆಯೋ ಅದೇ ಆಧಾರ ಚೌಕಟ್ಟು. ಹುಡುಗಿಯದು ಬಸ್ಸಿನ ಚೌಕಟ್ಟು, ಹುಡುಗನದು ಸೇತುವೆಯ ಚೌಕಟ್ಟು.

ಇದು ಹೊಸ ಮಾತಲ್ಲ. ಕ್ರಿ.ಶ. 499ರ 'ಆರ್ಯಭಟೀಯ'ದಲ್ಲಿ ಆರ್ಯಭಟ ಇದೇ ಅನುಭವವನ್ನು ಹೇಳಿದ್ದಾನೆ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಂಡೆಯ ವಸ್ತುಗಳು ಹಿಂದೆ ಸರಿಯುವಂತೆ ಕಾಣುವ ಹಾಗೆ, ಭೂಮಿಯ ಮೇಲಿರುವವರಿಗೆ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ ಎಂಬುದು ಅವನ ವಿವರಣೆ. ಇಟಲಿಯ ಗೆಲಿಲಿಯೋ 1632ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಅಲುಗಾಟವಿಲ್ಲದೆ ನೇರವಾಗಿ ಒಂದೇ ವೇಗದಲ್ಲಿ ಸಾಗುವ ಹಡಗಿನ ಮುಚ್ಚಿದ ಕೋಣೆಯಲ್ಲಿ ಏನೇ ಪರೀಕ್ಷೆ ಮಾಡಿದರೂ ಹಡಗು ನಿಂತಿದೆಯೋ ಸಾಗುತ್ತಿದೆಯೋ ತಿಳಿಯದು ಎಂದ. ಬಸ್ಸಿನಲ್ಲೂ ಅಷ್ಟೇ. ಇಂಡಿಯ ನಿಂಬೆಹಣ್ಣೊಂದನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿನವರ ತಲೆಗೆ ಬೀಳುವುದಿಲ್ಲ, ಎಸೆದವರ ಕೈಗೇ ಬರುತ್ತದೆ. ಇಂಥ ಚೌಕಟ್ಟಿಗೆ ಜಡತ್ವದ ಚೌಕಟ್ಟು ಎಂದು ಹೆಸರು. ಡ್ರೈವರ್ ಬ್ರೇಕ್ ಒತ್ತಿದ ಕ್ಷಣ ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಆ ಕ್ಷಣದಲ್ಲಿ ಬಸ್ಸು ಜಡತ್ವದ ಚೌಕಟ್ಟಾಗಿ ಉಳಿದಿರುವುದಿಲ್ಲ.

ಘಟನೆ ಎಂದರೆ ಅಪಘಾತವಲ್ಲ

ಪತ್ರಿಕೆಯಲ್ಲಿ 'ಘಟನೆ ನಡೆದಿದೆ' ಎಂದು ಓದಿದರೆ ಏನೋ ಅನಾಹುತವಾಗಿದೆ ಎಂದೇ ಎಣಿಕೆ. ಭೌತವಿಜ್ಞಾನದಲ್ಲಿ ಘಟನೆ ಎಂದರೆ ಒಂದು ಜಾಗ ಮತ್ತು ಒಂದು ಕ್ಷಣ, ಅಷ್ಟೇ. ಸೇತುವೆಯ ಮೂರನೆಯ ಕಂಬದ ಬಳಿ ಬೆಳಿಗ್ಗೆ 10 ಗಂಟೆಗೆ ಹೊಡೆದ ಒಂದು ಚಪ್ಪಾಳೆ ಒಂದು ಘಟನೆ. ಜಾಗವನ್ನು ಹೇಳಲು ಮೂರು ಸಂಖ್ಯೆ ಬೇಕು: ಉದ್ದ, ಅಗಲ, ಎತ್ತರ. ಕ್ಷಣವನ್ನು ಹೇಳಲು ಒಂದು. ಈ ನಾಲ್ಕೂ ಸೇರಿದ ಲೆಕ್ಕದ ಪುಸ್ತಕಕ್ಕೆ ದೇಶಕಾಲ ಎನ್ನುತ್ತಾರೆ.

'ವೀಕ್ಷಕ' ಎಂಬುದರಲ್ಲೂ ಒಂದು ಎಚ್ಚರ ಬೇಕು. ಕಣ್ಣಿಗೆ ಕಂಡ ಹೊತ್ತನ್ನೇ ಬರೆದುಕೊಳ್ಳುವವನು ವೀಕ್ಷಕನಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಭೀಮೆಗೆ ನೀರು ಬಿಟ್ಟರು ಎಂದುಕೊಳ್ಳಿ. 10 ಗಂಟೆಗೆ ಗೇಟು ತೆರೆದ ಸುದ್ದಿ 10 ಗಂಟೆ 5 ನಿಮಿಷಕ್ಕೆ ದೇವಣಗಾಂವಕ್ಕೆ ಮುಟ್ಟಿದರೆ, ತಿಳಿದವರು ಗೇಟು ತೆರೆದ ಹೊತ್ತನ್ನು 10 ಗಂಟೆ ಎಂದೇ ಬರೆಯುತ್ತಾರೆ. ಸುದ್ದಿ ಹಾದಿಯಲ್ಲಿ ಕಳೆದ 5 ನಿಮಿಷವನ್ನು ಕಳೆದುಬಿಡುತ್ತಾರೆ. ಸಾಪೇಕ್ಷತೆಯ ವೀಕ್ಷಕನೂ ಹೀಗೆಯೇ ಬೆಳಕು ಬರಲು ಹಿಡಿದ ಹೊತ್ತನ್ನು ಕಳೆದು ಲೆಕ್ಕ ಬರೆಯುತ್ತಾನೆ. ಆದ್ದರಿಂದ ಮುಂದೆ ಬರುವ ವಿಚಿತ್ರಗಳು ಕಣ್ಣಿನ ಭ್ರಮೆಯಲ್ಲ. ಎಲ್ಲ ತಿದ್ದುಪಡಿ ಮಾಡಿದ ಮೇಲೂ ಅವು ಉಳಿಯುತ್ತವೆ.

ಗೋಳಗುಮ್ಮಟದ ಪಿಸುಮಾತು, ಬಸ್ಸಿನ ದೀಪ

ಹೊಳೆಯ ಹರಿವಿನ ಜೊತೆ ಹೊರಟ ದೋಣಿಗೆ ಹರಿವಿನ ವೇಗ ಕೂಡುತ್ತದೆ, ಎದುರು ಹೊರಟರೆ ಕಳೆಯುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬಸ್ಸಿನಿಂದ ಗಂಟೆಗೆ 20 ಕಿ.ಮೀ. ವೇಗದಲ್ಲಿ ಮುಂದಕ್ಕೆ ಚೆಂಡೆಸೆದರೆ, ಸೇತುವೆಯ ಹುಡುಗನಿಗೆ ಅದರ ವೇಗ 80. ಶಬ್ದಕ್ಕೆ ಗಾಳಿಯ ಆಸರೆ ಬೇಕು. ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಕಡೆ ಉಸುರಿದ್ದು ಎದುರು ಬದಿಗೆ ಕೇಳಿಸುವುದು ಒಳಗಿನ ಗಾಳಿಯ ಮೂಲಕ. ಆ ದೂರ ದಾಟಲು ಅದಕ್ಕೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹೊತ್ತು ಬೇಕು. ಬೆಳಕಿಗೂ ಇಂಥದೊಂದು ಆಸರೆ ಇರಬೇಕೆಂದು ನಂಬಿ, ಅದನ್ನು ಹುಡುಕಲು ಮೈಕೆಲ್ಸನ್ ಮತ್ತು ಮಾರ್ಲಿ 1887ರಲ್ಲಿ ಅಮೆರಿಕದಲ್ಲಿ ಬಹಳ ಸೂಕ್ಷ್ಮವಾದ ಪ್ರಯೋಗ ಮಾಡಿದರು. ಸಿಗಲಿಲ್ಲ.

ಐನ್‌ಸ್ಟೈನ್ ಎರಡು ಮಾತು ಹೇಳಿದ. ಒಂದು, ನಿಸರ್ಗದ ನಿಯಮಗಳು ಎಲ್ಲ ಜಡತ್ವದ ಚೌಕಟ್ಟುಗಳಲ್ಲೂ ಒಂದೇ. ಎರಡು, ನಿರ್ವಾತದಲ್ಲಿ ಬೆಳಕಿನ ವೇಗ ಎಲ್ಲರಿಗೂ ಒಂದೇ: ಸೆಕೆಂಡಿಗೆ 2,99,792 ಕಿ.ಮೀ.ಗಿಂತ ತುಸು ಹೆಚ್ಚು. ಓಡುವ ಬಸ್ಸಿನ ಮುಂದೀಪದ ಬೆಳಕಿಗೆ ಬಸ್ಸಿನ ವೇಗ ಕೂಡುವುದಿಲ್ಲ. ಉಳಿದೆಲ್ಲವೂ ಈ ಎರಡು ಮಾತುಗಳ ಫಲ.

ಮೊದಲ ಫಲ ಏಕಕಾಲಿಕತೆಯದು. ಓಡುವ ಬಸ್ಸಿನ ನಟ್ಟನಡುವೆ ಒಂದು ದೀಪ ಹೊತ್ತಿತು ಎನ್ನಿ. ಬಸ್ಸಿನ ಹುಡುಗಿಯ ಪ್ರಕಾರ ಬೆಳಕು ಮುಂದಿನ ಗಾಜನ್ನೂ ಹಿಂದಿನ ಗಾಜನ್ನೂ ಒಟ್ಟಿಗೇ ಮುಟ್ಟಿತು. ಸೇತುವೆಯ ಹುಡುಗನ ಪ್ರಕಾರ ಹಿಂದಿನ ಗಾಜು ಬೆಳಕಿಗೆ ಎದುರಾಗಿ ಬರುತ್ತಿದೆ, ಮುಂದಿನದು ದೂರ ಓಡುತ್ತಿದೆ. ಬೆಳಕಿನ ವೇಗವಂತೂ ಎರಡೂ ಕಡೆಗೆ ಒಂದೇ. ಆದ್ದರಿಂದ ಹಿಂದಿನ ಗಾಜನ್ನೇ ಅದು ಮೊದಲು ಮುಟ್ಟಿತು. ಇಬ್ಬರ ಲೆಕ್ಕವೂ ಸರಿ. ದೂರದೂರದ ಎರಡು ಘಟನೆಗಳು 'ಒಟ್ಟಿಗೆ' ಆದವು ಎನ್ನುವಾಗ ಯಾರ ಚೌಕಟ್ಟಿನಲ್ಲಿ ಎಂದೂ ಹೇಳಬೇಕು.

ಮೂರು, ನಾಲ್ಕು, ಐದು

ಎರಡನೆಯ ಫಲವನ್ನು ತಿಳಿಯಲು ಹೈಸ್ಕೂಲಿನ ಲಂಬಕೋನ ತ್ರಿಭುಜ ಸಾಕು. ಬಸ್ಸಿನ ನೆಲದಿಂದ ನೆಟ್ಟಗೆ ಚಾವಣಿಗೆ ಒಂದು ಬೆಳಕಿನ ಕಿರಣ ಹೊರಡಲಿ. ಹುಡುಗಿಗೆ ಅದು ಹೋದ ದೂರ 4 ಪಾಲು. ಅಷ್ಟರಲ್ಲಿ ಬಸ್ಸು 3 ಪಾಲು ಮುಂದೆ ಸರಿದಿದ್ದರೆ, ಸೇತುವೆಯ ಹುಡುಗನಿಗೆ ಆ ಕಿರಣ ಓರೆಯಾಗಿ 5 ಪಾಲು ದೂರ ಹೋಗಿದೆ. ಬೆಳಕಿನ ವೇಗ ಇಬ್ಬರಿಗೂ ಒಂದೇ ಆದ್ದರಿಂದ, ಹುಡುಗಿಯ ಗಡಿಯಾರದಲ್ಲಿ 4 ಗಂಟೆ ಕಳೆದಾಗ ಹುಡುಗನ ಲೆಕ್ಕದಲ್ಲಿ 5 ಗಂಟೆ ಆಗಿರಲೇಬೇಕು. ಇದು ಕಾಲದ ಹಿಗ್ಗುವಿಕೆ. ಅಂಥ ಬಸ್ಸಿನ ವೇಗ ಬೆಳಕಿನ ವೇಗದ ಐದರಲ್ಲಿ ಮೂರು ಪಾಲು. ಅದೇ ವೇಗದಲ್ಲಿ 10 ಮೀಟರ್ ಉದ್ದದ ಬಸ್ಸು ಸೇತುವೆಯವನ ಅಳತೆಗೆ 8 ಮೀಟರ್. ಇದು ಉದ್ದದ ಕುಗ್ಗುವಿಕೆ.

ಹಾಗಾದರೆ ಸಿಂದಗಿ ಬಸ್ಸಿನಲ್ಲಿ ಕುಳಿತವರ ವಯಸ್ಸು ಉಳಿಯುತ್ತದೆಯೇ? ಉಳಿಯುತ್ತದೆ, ಆದರೆ ಖುಷಿಪಡುವಷ್ಟಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಗಂಟೆ ಪ್ರಯಾಣ ಮಾಡಿದರೆ, ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಐದಾರು ಪಾಲು ಮಾತ್ರ.

ಹುಡುಗಿಯ ಗಡಿಯಾರ ಪ್ರಯಾಣದ ಆರಂಭದಲ್ಲೂ ಕೊನೆಯಲ್ಲೂ ಸ್ವತಃ ಹಾಜರಿತ್ತು. ಹೀಗೆ ಎರಡೂ ಘಟನೆಗಳ ಬಳಿ ಇದ್ದ ಒಂದೇ ಗಡಿಯಾರ ತೋರಿಸುವ ಹೊತ್ತಿಗೆ ಸ್ವಂತ ಕಾಲ ಎನ್ನಬಹುದು. ಇಲ್ಲಿ ಅದು 4. ಈಗ ಹುಡುಗನ ಸಂಖ್ಯೆಗಳನ್ನು ನೋಡಿ. ಅವನ ಪ್ರಕಾರ ಕಾಲ 5 ಗಂಟೆ. ದೂರ, ಬೆಳಕು 3 ಗಂಟೆಯಲ್ಲಿ ಓಡುವಷ್ಟು. 5ರ ವರ್ಗ 25, 3ರ ವರ್ಗ 9, ಕಳೆದರೆ 16. ಹುಡುಗಿಯ ಪ್ರಕಾರ ಕಾಲ 4 ಗಂಟೆ, ದೂರ ಸೊನ್ನೆ. ಅವಳು ಸೀಟು ಬಿಟ್ಟು ಎದ್ದಿಲ್ಲವಲ್ಲ! 4ರ ವರ್ಗ 16. ಕಾಲದ ಬಗ್ಗೆ ಒಮ್ಮತವಿಲ್ಲ, ದೂರದ ಬಗ್ಗೆ ಒಮ್ಮತವಿಲ್ಲ, ಆದರೆ 16ರ ಬಗ್ಗೆ ಇಬ್ಬರೂ ಒಪ್ಪುತ್ತಾರೆ. ಈ ಒಪ್ಪಿತ ಸಂಖ್ಯೆಗೆ ದೇಶಕಾಲದ ಅಂತರ ಎಂದು ಹೆಸರು. ಕಾಲ ಮತ್ತು ದೇಶ ಬೇರೆಬೇರೆಯಲ್ಲ, ಎರಡೂ ಸೇರಿದ್ದೇ ನಿಜವಾದದ್ದು ಎಂದು 1908ರಲ್ಲಿ ಎತ್ತಿ ಹೇಳಿದವನು ಐನ್‌ಸ್ಟೈನನಿಗೆ ಗಣಿತ ಕಲಿಸಿದ್ದ ಹರ್ಮನ್ ಮಿಂಕೋವ್‌ಸ್ಕಿ.

ಅಂಗೈ ಮೇಲೆ ಬೀಳುವ ಸಾಕ್ಷಿ

ಇದೆಲ್ಲ ಕಾಗದದ ಮೇಲಿನ ಲೆಕ್ಕವೇ ಎಂದು ಕೇಳುವ ತಂದೆ ತಾಯಿಗಳಿಗೆ ಒಂದು ಉತ್ತರವಿದೆ. ಸೇತುವೆಯ ಮೇಲೆ ಅಂಗೈ ಚಾಚಿ ಒಂದು ನಿಮಿಷ ನಿಂತರೆ ಸುಮಾರು ನೂರು ಮ್ಯುಆನ್ ಕಣಗಳು ಅದರ ಮೂಲಕ ತೂರಿ ಹೋಗುತ್ತವೆ. ಆಕಾಶದಿಂದ ಬರುವ ವಿಶ್ವಕಿರಣಗಳು ಸುಮಾರು 15 ಕಿ.ಮೀ. ಎತ್ತರದಲ್ಲಿ ಗಾಳಿಗೆ ಬಡಿದಾಗ ಹುಟ್ಟುವ ಕಣಗಳಿವು. ಇವುಗಳ ಸರಾಸರಿ ಆಯಸ್ಸು ಸೆಕೆಂಡಿನ ಹತ್ತು ಲಕ್ಷದ ಪಾಲುಗಳಲ್ಲಿ 2.2 ಮಾತ್ರ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಸುಮಾರು 660 ಮೀಟರ್ ಸಾಗಬಹುದು. ಹಾಗಿದ್ದೂ ಇವು ನೆಲ ಮುಟ್ಟುತ್ತವೆ. ನೆಲದವರ ಲೆಕ್ಕದಲ್ಲಿ ಓಡುವ ಮ್ಯುಆನಿನ ಗಡಿಯಾರ ನಿಧಾನ, ಆದ್ದರಿಂದ ಆಯಸ್ಸು ಹಿಗ್ಗಿದೆ. ಮ್ಯುಆನಿನ ಲೆಕ್ಕದಲ್ಲಿ ಅದರ ಆಯಸ್ಸು ಅಷ್ಟೇ, ಕುಗ್ಗಿರುವುದು ಗಾಳಿಯ ಪದರದ ದಪ್ಪ. ಕಥೆ ಎರಡು, ಅಂಗೈಗೆ ತಾಗಿತು ಎಂಬ ಘಟನೆ ಒಂದೇ.

ಈ ಕಣಗಳ ಬೆನ್ನು ಹತ್ತಿದವರಲ್ಲಿ ಕನ್ನಡ ನಾಡಿನವರೂ ಇದ್ದಾರೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ (1925–2019) 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಆಳಕ್ಕಿಳಿದು, ಬಂಡೆಗಳನ್ನೂ ತೂರಿ ಬರುವ ಮ್ಯುಆನುಗಳನ್ನು ಎಣಿಸಿದರು. ಮುಂದೆ 1965ರಲ್ಲಿ ಅದೇ ಗಣಿಗಳಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕಿತು. ಚಿನ್ನ ತೆಗೆಯುವ ಕೆಲಸ 2001ರಲ್ಲಿ ನಿಂತಿತು, ಆದರೆ ವಿಜ್ಞಾನದ ಪುಟದಲ್ಲಿ ಕೋಲಾರದ ಹೆಸರು ಉಳಿದಿದೆ.

ಹೊಳೆ ಬಂತು

ಈಗ ಹೊಳೆಗೆ ಹಿಂದಿರುಗೋಣ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ವಿಜಯಪುರ, ಕಲಬುರಗಿ ಎರಡೂ ಜಿಲ್ಲೆಗಳ ದಂಡೆಯ ಊರುಗಳು ನೀರಿನಲ್ಲಿ ನಿಂತವು. ನಿಂತ ಬೆಳೆ ಕೊಳೆಯಿತು. ಇಂಥ ಹೊತ್ತಿನಲ್ಲಿ ಜನರನ್ನು ಉಳಿಸುವುದು ಸರಳವಾದ ಒಂದು ಸಂಗತಿ: ನೀರಿಗಿಂತ ಸುದ್ದಿ ಬೇಗ ಬರುತ್ತದೆ. ಉಜನಿಯಲ್ಲಿ ಬಿಟ್ಟ ನೀರು ಇಲ್ಲಿಗೆ ಬರುವುದು ದಿನಗಳ ಲೆಕ್ಕ. ಫೋನಿನ ಕರೆ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ನೇರ ದಾರಿಯಲ್ಲಿ ನೂರೈವತ್ತು ಕಿ.ಮೀ. ಮೀರಿದ ಈ ದೂರಕ್ಕೆ ಬೆಳಕಿಗೆ ಬೇಕಾದದ್ದು ಸೆಕೆಂಡಿನ ಸಾವಿರದ ಪಾಲಿನಲ್ಲಿ ಅರ್ಧದಷ್ಟು. ಅದಕ್ಕಿಂತ ಬೇಗ ಮಾತ್ರ ಯಾವ ಸುದ್ದಿಯೂ ಬರಲಾರದು.

ಉಜನಿಯ ಗೇಟು ತೆರೆದ ಘಟನೆಯಿಂದ ಬೆಳಕು ಎಲ್ಲೆಲ್ಲಿಗೆ ಎಷ್ಟೆಷ್ಟು ಹೊತ್ತಿಗೆ ಮುಟ್ಟಬಲ್ಲದು ಎಂದು ಗೆರೆ ಎಳೆದರೆ ಅದಕ್ಕೆ ಬೆಳಕಿನ ಶಂಕು ಎನ್ನುತ್ತಾರೆ. ಆ ಶಂಕುವಿನ ಒಳಗೆ ಬರುವ ಘಟನೆಗಳ ಮೇಲೆ ಮಾತ್ರ ಗೇಟಿನ ಪ್ರಭಾವ ಬೀಳಬಲ್ಲದು. ದೇವಣಗಾಂವದ ನೆರೆ ಅದರ ಒಳಗಿದೆ. ಆದ್ದರಿಂದ ಬಸ್ಸಿನಲ್ಲಿ ಕುಳಿತವರಿರಲಿ, ಬೆಳಕಿನ ಸಮೀಪದ ವೇಗದ ರಾಕೆಟ್ಟಿನವರಿರಲಿ, ಎಲ್ಲರ ಲೆಕ್ಕದಲ್ಲೂ ಗೇಟು ಮೊದಲು, ನೆರೆ ಆಮೇಲೆ. ಯಾವುದು ಮುಂಚೆ, ಯಾವುದು ನಂತರ ಎಂಬ ಜಗಳ ಬರುವುದು ಬೆಳಕು ಕೂಡ ಒಂದರಿಂದ ಇನ್ನೊಂದಕ್ಕೆ ಮುಟ್ಟಲಾರದ ಘಟನೆಗಳ ನಡುವೆ ಮಾತ್ರ. ಅಂಥವು ಒಂದಕ್ಕೊಂದು ಕಾರಣವಾಗಲಾರವು. ಕಾರಣ ಮತ್ತು ಪರಿಣಾಮದ ಸಾಲನ್ನು ಸಾಪೇಕ್ಷತೆ ಕದಡುವುದಿಲ್ಲ. 'ಐನ್‌ಸ್ಟೈನ್ ಎಲ್ಲವೂ ಸಾಪೇಕ್ಷ ಎಂದ' ಎಂದು ಭಾಷಣಗಳಲ್ಲಿ ಹೇಳುವುದುಂಟು. ಅವನು ಹಾಗೆ ಹೇಳಲಿಲ್ಲ. ಊರು ಬಂತೋ ಬಸ್ಸು ಬಂತೋ ಎಂಬುದು ಸಾಪೇಕ್ಷ. ಹೊಳೆ ಏಕೆ ಬಂತು ಎಂಬುದು ಅಲ್ಲ.

ವಿಜಯಪುರದ ಆಕಾಶ, ಬ್ಯಾಲಾಳುವಿನ ಗಡಿಯಾರ

ಇಷ್ಟು ಹೊತ್ತು ಹೇಳಿದ್ದು ವಿಶಿಷ್ಟ ಸಾಪೇಕ್ಷತೆ. ಗುರುತ್ವವನ್ನೂ ಸೇರಿಸಿಕೊಂಡದ್ದು 1915ರ ಸಾರ್ವತ್ರಿಕ ಸಾಪೇಕ್ಷತೆ. ಬಸ್ಸು ರಸ್ತೆಯುಬ್ಬು ಹಾರಿದಾಗ ಹಿಂದಿನ ಸೀಟಿನವರಿಗೆ ಒಂದು ಕ್ಷಣ ಮೈ ಹಗುರಾಗುತ್ತದೆ. ಪೂರ್ತಿ ಬೀಳುತ್ತಿರುವವನಿಗೆ ತನ್ನ ತೂಕವೇ ತಿಳಿಯದು ಎಂಬ ಯೋಚನೆಯಿಂದ ಐನ್‌ಸ್ಟೈನ್ ಹೊರಟ. ಚಿಕ್ಕ ಜಾಗದಲ್ಲಿ ಗುರುತ್ವದ ಸೆಳೆತಕ್ಕೂ ವೇಗ ಬದಲಾಗುವಾಗಿನ ಎಳೆತಕ್ಕೂ ಭೇದ ಕಾಣದು ಎಂಬುದೇ ಸಮಾನತೆಯ ತತ್ವ. ಭಾರವಾದ ವಸ್ತು ತನ್ನ ಸುತ್ತಲ ದೇಶಕಾಲವನ್ನೇ ಬಾಗಿಸುತ್ತದೆ, ಬೆಳಕೂ ಆ ಬಾಗನ್ನು ಅನುಸರಿಸುತ್ತದೆ ಎಂಬುದು ಅವನ ತೀರ್ಮಾನ.

ಇದನ್ನು ಪರೀಕ್ಷಿಸಲು ಪೂರ್ಣ ಸೂರ್ಯಗ್ರಹಣ ಬೇಕಾಯಿತು. ಗ್ರಹಣದ ವಿಜ್ಞಾನ ಈ ಸೀಮೆಗೆ ಹೊಸದಲ್ಲ. 1868ರ ಆಗಸ್ಟ್ 18ರ ಪೂರ್ಣಗ್ರಹಣವನ್ನು ಕ್ಯಾಪ್ಟನ್ ಹೇಗ್ ವಿಜಯಪುರದಿಂದಲೂ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಿಂದಲೂ ವರ್ಣಪಟಲದ ಉಪಕರಣ ಹಿಡಿದು ನೋಡಿದ್ದರು. ಆಗ ಐನ್‌ಸ್ಟೈನ್ ಹುಟ್ಟಿಯೇ ಇರಲಿಲ್ಲ. ಮುಂದೆ 1919ರ ಮೇ 29ರ ಗ್ರಹಣದಲ್ಲಿ ಇಂಗ್ಲೆಂಡಿನ ತಂಡಗಳು ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪದಿಂದಲೂ ಬ್ರೆಜಿಲಿನ ಸೊಬ್ರಾಲ್‌ನಿಂದಲೂ ಚಿತ್ರ ತೆಗೆದವು. ಸೂರ್ಯನ ಅಂಚಿನಲ್ಲಿ ಹಾದು ಬರುವ ನಕ್ಷತ್ರದ ಬೆಳಕು ಡಿಗ್ರಿಯ ಸುಮಾರು ಎರಡು ಸಾವಿರದಲ್ಲೊಂದು ಪಾಲಿನಷ್ಟು ಬಾಗಬೇಕು ಎಂಬ ಲೆಕ್ಕಕ್ಕೆ ಆ ಚಿತ್ರಗಳು ಹೊಂದಿದವು.

ಇಂದು ಪರೀಕ್ಷೆಗೆ ಗ್ರಹಣ ಕಾಯಬೇಕಿಲ್ಲ, ಕಿಸೆಯ ಮೊಬೈಲ್ ಸಾಕು. ಅದಕ್ಕೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಗಡಿಯಾರ ವೇಗದ ಕಾರಣಕ್ಕೆ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಮೇಲೆ ಗುರುತ್ವ ಕಡಿಮೆಯಾದ್ದರಿಂದ ಸುಮಾರು 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಉಳಿಯುವುದು 38. ಇದನ್ನು ತಿದ್ದದಿದ್ದರೆ ದೂರದ ಲೆಕ್ಕ ಒಂದೇ ದಿನದಲ್ಲಿ 10 ಕಿ.ಮೀ. ಮೀರಿ ತಪ್ಪುತ್ತದೆ, ದೇವಣಗಾಂವದಲ್ಲಿ ಇಳಿಯಬೇಕಾದವರು ಹೊಳೆ ದಾಟಿ ಅಫಜಲಪುರದ ಹಾದಿಯಲ್ಲಿರಬೇಕಾದೀತು. ನಮ್ಮದೇ ನಾವಿಕ್ ವ್ಯವಸ್ಥೆಗಾಗಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 2013ರಲ್ಲಿ ಆರಂಭವಾದ ಇಸ್ರೋ ಕೇಂದ್ರದಲ್ಲೂ ಕಾಲದ ಲೆಕ್ಕವೇ ಮುಖ್ಯ ಕಸುಬು.

ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ (1938–2017) ಅವರ ಹೆಸರನ್ನೂ ಮಕ್ಕಳು ನೆನಪಿಡಬೇಕು. ಕದಡಿದ ಕಪ್ಪುಕುಳಿ ಬಡಿದ ಗಂಟೆಯಂತೆ ಮಿಡಿದು ನಿಧಾನವಾಗಿ ತಣಿಯುತ್ತದೆ ಎಂದು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳಲ್ಲಿ ಎರಡು ಕಪ್ಪುಕುಳಿಗಳು ಒಂದಾದ ಗುರುತ್ವದ ಅಲೆ ಸಿಕ್ಕಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ.

ಮಕ್ಕಳಿಗೆ ಈ ಪಾಠ ಕಷ್ಟವೆನಿಸಿದಾಗ ಪಾಲಕರು ಸೂತ್ರ ಉರುಹೊಡೆಸುವ ಅವಸರ ಮಾಡದಿರುವುದು ಒಳ್ಳೆಯದು. ಪ್ರತಿ ಪ್ರಶ್ನೆಗೆ ಮೊದಲು ಮೂರು ಸಾಲು ಬರೆಯಲಿ: ಘಟನೆಗಳು ಯಾವುವು, ಅಳೆಯುವವರು ಯಾವ ಚೌಕಟ್ಟಿನವರು, ಎರಡೂ ಘಟನೆಗಳ ಬಳಿ ಹಾಜರಿದ್ದ ಗಡಿಯಾರ ಯಾರದು. ಅಷ್ಟು ಗೊತ್ತಾದರೆ ಲೆಕ್ಕ ಅರ್ಧ ಮುಗಿದಂತೆಯೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಿಂದ ದಿನವೂ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಪ್ರಯೋಗಶಾಲೆ ದಾರಿಯಲ್ಲೇ ಇದೆ. ಕಿಟಕಿ ಪಕ್ಕದ ಸೀಟು, ಒಂದು ನಿಂಬೆಹಣ್ಣು, ಒಂದು ಕೈಗಡಿಯಾರ ಇದ್ದರೆ ಆರಂಭಕ್ಕೆ ಸಾಕು.